ಡಿಕ್ಕಿಗೆ ಎರಡು ಬೆರಳು ಕಮ್ಮಿ

ನಮ್ಮ ಹಳೆಯ ಕಾರಿನ ಡಿಕ್ಕಿಯನ್ನು ನಾನು ಒಳಗಿನಿಂದ ಎಷ್ಟು ಚೆಂದ ಕಟ್ಟಿದ್ದೇನೆಂದರೆ, ಅದನ್ನು ನೋಡಿದ ದಿನವೇ ಮೂವರು ಸಾಹುಕಾರರು ತಮ್ಮ ಬಂಗಲೆಗಳನ್ನು ಮಾರಿಬಿಟ್ಟರು. ಇಂಥ ಡಿಕ್ಕಿ ಇರುವ ಊರಿನಲ್ಲಿ ಬಂಗಲೆ ಇಟ್ಟುಕೊಳ್ಳಲು ನಾಚಿಕೆಯಾಗುತ್ತದೆ ಎಂದರು. ನಾಲ್ಕನೆಯವರು ಮಾರಲಿಲ್ಲ, ಪಾಪ, ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಆದರೂ ಒಳಗೆ ಒಮ್ಮೆ ಕೈಯಾಡಿಸಿ ಐದು ನಿಮಿಷ ಅತ್ತರು. ನಂಬುವವರು ನಂಬಿ. ನಂಬದವರನ್ನು ಕೂರಿಸಿಕೊಂಡು ಒಪ್ಪಿಸುವಷ್ಟು ತ್ರಾಣ ನನಗೀಗ ಇಲ್ಲ. ಬೆನ್ನು ನೋಯುತ್ತದೆ.

ನಾನು ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಊರಿನ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆಲ್ಲ ಓಡಾಡಿದ್ದೇನೆ. ಒಮ್ಮೆ ಹನ್ನೆರಡನೇ ಮಹಡಿಯಲ್ಲಿ ತಂತಿಹಗ್ಗ ಕಡಿದು ಬೀಳುತ್ತಿದ್ದ ಲಿಫ್ಟನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸಿ, ಇನ್ನೊಂದು ಕೈಯಲ್ಲಿದ್ದ ಚಹಾವನ್ನು ಆರುವ ಮೊದಲೇ ಕುಡಿದು ಮುಗಿಸಿದ್ದೆ. ನನ್ನ ಹೆಂಡತಿ ಹೇಳುವ ಪ್ರಕಾರ ಅದು ಎರಡನೇ ಮಹಡಿ, ಬಿದ್ದದ್ದು ಚಹಾ. ಇರಲಿ. ಮನೆಯಲ್ಲಿ ಒಬ್ಬರಾದರೂ ಲೆಕ್ಕ ಇಡುವವರು ಬೇಕು.

ಕಾರು ನನ್ನದಲ್ಲ, ಅವಳದು. ಮಾರುಕಟ್ಟೆಯ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಒಂದು ಪುಟ್ಟ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಇಪ್ಪತ್ತೆಂಟು ವರ್ಷ ಅಲ್ಲಿ ಕುಳಿತು ಶಾಲೆ ಮಕ್ಕಳ ಸಮವಸ್ತ್ರ ಹೊಲಿದಿದ್ದಾಳೆ. ಆ ದುಡಿಮೆಯಲ್ಲಿ ಕೊಂಡ ಕಾರು ಇದು. ಮುಂದೆ ದಪ್ಪ ಮೂಗು, ಹಿಂದೆ ಗುಂಡನೆಯ ಬೆನ್ನು, ನಡಿಗೆಯೂ ಅದಕ್ಕೆ ತಕ್ಕಂತೆ. ಹಾಗಾಗಿ ಅದರ ಹೆಸರು ಆಮೆ. ಅಂಥ ಕಾರು ಈಗ ಯಾರೂ ತಯಾರಿಸುವುದಿಲ್ಲ. ಬೀದಿಯಲ್ಲಿ ಹೋಗುತ್ತಿದ್ದರೆ ಜನ ನಿಂತು ನೋಡುತ್ತಾರೆ. ನಿಂತುಹೋದರೆ ಬಂದು ತಳ್ಳುತ್ತಾರೆ.

ಎಂಟು ತಿಂಗಳ ಹಿಂದೆ ಬಸ್ಸಿನ ಮೆಟ್ಟಿಲಿನಿಂದ ಜಾರಿ ಅವಳು ಸೊಂಟದ ಮೂಳೆ ಮುರಿದುಕೊಂಡಳು. ಒಳಗೊಂದು ಸ್ಟೀಲಿನ ಪಟ್ಟಿ, ಆರು ಸ್ಕ್ರೂ. ಆರು ಎಂದು ಡಾಕ್ಟರು ಹೇಳುತ್ತಾರೆ. ಓಣಿಯಲ್ಲಿ ನಾನು ಹದಿನಾರು ಎಂದು ಹೇಳಿಕೊಂಡು ಬಂದಿದ್ದೇನೆ. ಮನೆಯೊಳಗೆ ವಾಕರ್ ಹಿಡಿದು ಹತ್ತು ಹೆಜ್ಜೆ ಇಡುತ್ತಾಳೆ. ಹೊರಗೆ ಹೋಗಬೇಕೆಂದರೆ ಗಾಲಿಕುರ್ಚಿಯೇ ಗತಿ. ಕೂತು ಹೊಲಿಯುವುದಕ್ಕೆ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಆಗಲೇ ಒಪ್ಪಿಗೆ ಕೊಟ್ಟಿದ್ದಾರೆ. ಕೂರಿಸುವವರೆಗಿನ ಕೆಲಸ ನನ್ನದು.

ಬೆಳಿಗ್ಗೆ ಎಬ್ಬಿಸಿ ಕೂರಿಸುವುದು, ಕಾಲು ಕೆಳಗಿಳಿಸುವುದು, ಸ್ನಾನದ ಮನೆಗೆ ಕರೆದೊಯ್ಯುವುದು, ತಲೆ ಬಾಚುವುದು, ಅಡುಗೆ, ಮಾತ್ರೆ, ವ್ಯಾಯಾಮ, ಬಟ್ಟೆ, ಮತ್ತೆ ಮಾತ್ರೆ. ಇದನ್ನೆಲ್ಲ ನಾನು ಒಂದು ಬೆರಳಿನಲ್ಲಿ ಮಾಡಿ ಮುಗಿಸುತ್ತೇನೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಆ ಒಂದು ಬೆರಳು ಈಗ ಮಡಿಚುವುದಿಲ್ಲ.

ಎರಡು ತಿಂಗಳ ಹಿಂದೆ ಅಂಗಡಿ ಮಾಲೀಕ ಫೋನ್ ಮಾಡಿದ. ಅವಳು ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಆರು ತಿಂಗಳಿಂದ ಶಟರ್ ಮುಚ್ಚೇ ಇದೆ. ಮುಂದಿನದರ ಮುಂದಿನ ಒಂದನೇ ತಾರೀಕಿಗೆ ನೀವು ತೆಗೆದ್ರೆ ಸರಿ. ಇಲ್ಲಾಂದ್ರೆ ಮೊಬೈಲ್ ಕವರ್ ಮಾರೋನೊಬ್ಬ ದಿನಾ ಬಂದು ತಲೆ ತಿಂತಾ ಇದಾನೆ, ಅವನಿಗೆ ಕೊಟ್ಬಿಡ್ತೀನಿ."

"ತೆಗೀತೀನಿ," ಎಂದಳು ಅವಳು. ಫೋನು ಇಟ್ಟು ನನ್ನ ಕಡೆ ತಿರುಗಿದಳು. "ರೀ, ಕುರ್ಚಿ ಡಿಕ್ಕೀಲಿ ಹಿಡಿಸೋ ಹಾಗೆ ಮಾಡಿ."

"ಟ್ಯಾಕ್ಸಿಯವನನ್ನ ಕರೆದ್ರೆ?"

"ಮೂರು ಸಲ ಕರೆದಾಯ್ತಲ್ಲ. ಕುರ್ಚಿ ನೋಡಿದ ಕೂಡಲೇ ಅವರಿಗೆ ಇನ್ನೊಂದು ಬಾಡಿಗೆ ನೆನಪಾಗುತ್ತೆ."

ಆಮೆಯ ಹಿಂದಿನ ಸೀಟಿನಲ್ಲಿ ಕುರ್ಚಿ ಇಡುವಂತಿಲ್ಲ, ಅಲ್ಲಿ ಅವಳೇ ಕಾಲು ಚಾಚಿ ಅಡ್ಡ ಕೂರಬೇಕು. ಮುಂದಿನ ಸೀಟಿಗೆ ತುರುಕಿದರೆ ಗೇರು ಹಾಕಲು ನನ್ನ ಕೈಗೆ ಜಾಗ ಉಳಿಯುವುದಿಲ್ಲ. ಉಳಿದದ್ದು ಡಿಕ್ಕಿ ಒಂದೇ.

ಅವಳೇ ಮತ್ತೆ ಹೇಳಿದಳು. "ಅಂಗಡೀಲಿ ಕೂತ್ರೆ ನಾನು ದರ್ಜಿ ಕಣ್ರೀ. ಅಂಗಡಿ ಹೋಯ್ತು ಅಂದ್ರೆ ಈ ಮನೇಲಿ ನಾನೊಬ್ಬಳು ರೋಗಿ, ಅಷ್ಟೇ."

"ಎರಡು ವಾರ ಸಾಕು," ಎಂದೆ. "ಎರಡು ವಾರದಲ್ಲಿ ಆ ಡಿಕ್ಕಿ ಹೆಂಗಿರುತ್ತೆ ಅಂದ್ರೆ, ಕುರ್ಚಿ ತಾನೇ ಹತ್ತಿ ಕೂತ್ಕೊಂಡು, 'ಎಲ್ಲಿಗಮ್ಮಾ' ಅಂತ ಕೇಳಬೇಕು."

ಅವಳು ನಕ್ಕಳು. ಆ ತಿಂಗಳಲ್ಲಿ ಅದು ಮೊದಲನೆಯದು, ಹಾಗಾಗಿ ನಾನು ಇನ್ನೂ ಏನೇನೋ ಹೇಳಿಬಿಟ್ಟೆ.

ಆಮೆ ನಿಲ್ಲುವ ಶೆಡ್ಡು ಮನೆಯ ಹಿಂದೆ ಇದೆ. ಹಿಂಬಾಗಿಲಿನಿಂದ ಮೂರು ಮೆಟ್ಟಿಲಿಳಿದು, ಬಟ್ಟೆ ಒಣಗಿಸುವ ಜಾಗ ದಾಟಿದರೆ ತಗಡಿನ ಬಾಗಿಲು. ಬಿದ್ದಂದಿನಿಂದ ಅವಳು ಆ ಮೂರು ಮೆಟ್ಟಿಲು ಇಳಿದಿರಲಿಲ್ಲ. ಮಧ್ಯಾಹ್ನದ ಊಟ, ಮಾತ್ರೆ ಮುಗಿದ ಮೇಲೆ ಎರಡರಿಂದ ನಾಲ್ಕರವರೆಗೆ ಅವಳು ಮಂಚದ ಮೇಲೆ ಒರಗುತ್ತಾಳೆ ಅಥವಾ ಕೈಮಿಷನ್ನಿನಲ್ಲಿ ಏನಾದರೂ ಹೊಲಿಯುತ್ತಾಳೆ. ಆ ಎರಡು ಗಂಟೆ ಡಿಕ್ಕಿಯ ಕೆಲಸಕ್ಕೆ ಎಂದು ಗೊತ್ತುಮಾಡಿಕೊಂಡೆವು.

ಮೊದಲ ದಿನ ಮುಚ್ಚಳ ಎತ್ತಿದಾಗ ಒಳಗಿನಿಂದ ಹಳೆಯ ಪೆಟ್ರೋಲು, ಒದ್ದೆ ರಟ್ಟು, ಇಲಿ, ಈ ಮೂರರ ವಾಸನೆ ಒಟ್ಟಿಗೆ ಬಂದು ನನ್ನನ್ನು ಎರಡು ಮಾರು ಹಿಂದಕ್ಕೆ ತಳ್ಳಿತು. ಕಾರು ತಯಾರಾದಾಗ ಹಾಕಿದ್ದ ರಟ್ಟಿನ ಒಳಹೊದಿಕೆ ಮುಟ್ಟಿದರೆ ಉದುರುತ್ತಿತ್ತು. ಎಡಗಡೆ ಸ್ಟೆಪ್ನಿ ಚಕ್ರ ಓರೆಯಾಗಿ ನಿಂತು ಅರ್ಧ ಡಿಕ್ಕಿಯನ್ನು ನುಂಗಿತ್ತು. ನೆಲದ ಕೆಳಗೆ ಪೆಟ್ರೋಲ್ ಟ್ಯಾಂಕು ಇರುವುದರಿಂದ ಹಿಂದಿನ ಭಾಗ ಗೂನುಬೆನ್ನಿನಂತೆ ಉಬ್ಬಿತ್ತು. ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿದೆ. ಎಷ್ಟು ಉಜ್ಜಿದೆನೆಂದರೆ ಆ ಕೆಂಪು ಪುಡಿಯನ್ನು ಗುಡ್ಡೆ ಹಾಕಿದ್ದರೆ ಇನ್ನೊಂದು ಕಾರು ಆಗುತ್ತಿತ್ತು. ಅದರ ಮೇಲೆ ತುಕ್ಕುನಿರೋಧಕ ಬಣ್ಣ ಎರಡು ಕೈ ಬಳಿದೆ. ಆಮೇಲೆ ಹಳೆಯ ಪತ್ರಿಕೆಗಳನ್ನು ಒಂದಕ್ಕೊಂದು ಅಂಟಿಸಿ, ಡಿಕ್ಕಿಯ ಒಳಮೈಗೆ ಒತ್ತಿ, ಅಂಚು ಗೀರಿ ಅಳತೆಯ ಹಾಳೆ ಮಾಡಿಕೊಂಡೆ.

ಈ ಹಾಳೆಗಳನ್ನು ಒಳಗೆ ತಂದಾಗ ಅವಳು ಕನ್ನಡಕ ಏರಿಸಿಕೊಂಡು ನೋಡಿದಳು.

"ಇದು ತೋಳಿನ ಕಟಿಂಗ್ ಇದ್ದಂಗಿದೆಯಲ್ಲ."

"ಚಕ್ರದ ಮೇಲಿನ ಉಬ್ಬು ಅದು."

"ಅದೇ. ಭುಜ. ಇಲ್ಲಿ ಮಡಿಸಿ ಒಂದು ಡಾರ್ಟ್ ಹಿಡೀಬೇಕು, ಇಲ್ದಿದ್ರೆ ಬಟ್ಟೆ ಸುಕ್ಕು ಬರುತ್ತೆ." ಪೆನ್ಸಿಲಿನಿಂದ ಒಂದು ಸಣ್ಣ ತ್ರಿಕೋನ ಬರೆದು ತೋರಿಸಿದಳು. "ಮರದ ಕೆಲಸ ನಿಮ್ಮದು, ಬಟ್ಟೆ ಕೆಲಸ ನನಗೆ ಬಿಡಿ."

ಹಾಗೆ ಕೆಲಸ ಹಂಚಿಕೆಯಾಯಿತು. ನೆಲಕ್ಕೆ ದಪ್ಪ ಪ್ಲೈವುಡ್, ಪಕ್ಕಗಳಿಗೆ ಬಳುಕುವ ತೆಳು ಪ್ಲೈವುಡ್. ಅದರ ಮೇಲೆ ಫೋಮು, ಫೋಮಿನ ಮೇಲೆ ಕಡುಗಂದು ರೆಕ್ಸಿನ್, ನೆಲಕ್ಕೆ ಬೂದು ಕಾರ್ಪೆಟ್. ಕಾರ್ಪೆಟ್ಟಿನ ಅಂಚಿಗೆ ಅವಳು ಸುತ್ತಲೂ ದಾರ ತುಂಬಿದ ಉರುಟು ಪಟ್ಟಿಯ ಪೈಪಿಂಗ್ ಕೊಟ್ಟು ಹೊಲಿದಳು. ಸ್ಟೆಪ್ನಿಯನ್ನು ಮೂಲೆಗೆ ನೆಟ್ಟಗೆ ನಿಲ್ಲಿಸಿ ಬೆಲ್ಟು ಬಿಗಿದೆ. ನನ್ನ ಹಳೆಯ ಕಸುಬಿನ ನೆನಪಿಗೆ ಒಂದು ಹಳೆ ಲಿಫ್ಟ್ ಬಾಗಿಲಿನ ಎರಡು ಹಳಿಗಳನ್ನು ತಂದು, ನೆಲದ ಮೇಲೆ ಒಂದು ಜಾರುಮಣೆ ಕೂರಿಸಿದೆ. ಮಣೆಯನ್ನು ಹೊರಕ್ಕೆಳೆದು, ಮಡಿಸಿದ ಕುರ್ಚಿಯನ್ನು ಮಲಗಿಸಿ, ಒಂದು ಬೆರಳಿನಲ್ಲಿ ತಳ್ಳಿದರೆ ಸಾಕು, ಮೇಜಿನ ಡ್ರಾಯರಿನಂತೆ ಒಳಗೆ ಹೋಗುತ್ತದೆ. ಈ ವಾಕ್ಯದಲ್ಲಿ ಮಾತ್ರ ಉತ್ಪ್ರೇಕ್ಷೆಯಿಲ್ಲ. ಮಡಿಚದ ಆ ಬೆರಳಿನಿಂದಲೇ ತಳ್ಳಿ ನೋಡಿದ್ದೇನೆ.

ಓಣಿಯ ತುದಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವವನೊಬ್ಬನಿದ್ದಾನೆ. ಅವನನ್ನು ಎಲ್ಲರೂ ಬ್ಯಾಟರಿ ಎಂದೇ ಕರೆಯುತ್ತಾರೆ. ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಾನೆ, ನನ್ನನ್ನು ಗುರುವೇ ಎನ್ನುತ್ತಾನೆ, ಆದರೆ ಎರಡನೆಯದರಲ್ಲಿ ಗೌರವ ಸ್ವಲ್ಪ ಕಮ್ಮಿ. ಅವನು ಬಂದು ಡಿಕ್ಕಿಯೊಳಗೆ ಇಣುಕಿದ.

"ಗುರುವೇ, ಇದರೊಳಗೆ ಕುರ್ಚಿ ಇಡ್ತೀರೋ, ಸಂಸಾರ ಹೂಡ್ತೀರೋ?"

"ವಿದೇಶದಿಂದ ಇಬ್ಬರು ಇಂಜಿನಿಯರು ಬಂದು ಫೋಟೋ ತಕ್ಕೊಂಡು ಹೋದ್ರು, ಗೊತ್ತಾ ನಿಂಗೆ?"

"ಹೂಂ, ನೋಡ್ದೆ. ಗ್ಯಾಸ್ ಸಿಲಿಂಡರ್ ಇಳಿಸಿ ಹೋದ್ರಲ್ಲ, ಅವರೇ ತಾನೇ?"

ಹದಿನೈದನೇ ದಿನ ಎಲ್ಲ ಸಿದ್ಧವಾಯಿತು. ಕುರ್ಚಿಯನ್ನು ತಂದು ಮಣೆಯ ಮೇಲೆ ಮಲಗಿಸಿ, ಒಳಗೆ ತಳ್ಳಿ, ಬ್ಯಾಟರಿಯ ಎದುರಿಗೆ, ಕೋಟೆಯ ಬಾಗಿಲು ಹಾಕುವವನ ಗತ್ತಿನಲ್ಲಿ ಮುಚ್ಚಳ ಇಳಿಸಿದೆ. ಅರ್ಧಕ್ಕೆ ಬಂದು ಕರ್ ಎಂದು ನಿಂತಿತು. ಬಲವಾಗಿ ಒತ್ತಿದೆ. ಒಳಗೇನೋ ಹರಿದ ಸದ್ದು.

ಎತ್ತಿ ನೋಡಿದರೆ, ಮುಚ್ಚಳದ ಎರಡು ಕಬ್ಬಿಣದ ತೋಳುಗಳು ನನ್ನ ಹೊಸ ರೆಕ್ಸಿನ್ನಿಗೆ ಬಾಯಿ ಹಾಕಿದ್ದವು. ಈ ಜಾತಿಯ ಹಳೆ ಕಾರುಗಳಲ್ಲಿ ಮುಚ್ಚಳದ ತೋಳುಗಳು ಕೊಕ್ಕರೆಯ ಕತ್ತಿನಂತೆ ಬಾಗಿರುತ್ತವೆ. ಮುಚ್ಚಳ ತೆರೆದಾಗ ಅವು ಮೇಲೆ ಎಲ್ಲೋ ಇರುತ್ತವೆ, ಮುಚ್ಚಿದಾಗ ಎರಡೂ ಕತ್ತು ಡಿಕ್ಕಿಯೊಳಗೆ ಇಳಿದುಬರುತ್ತವೆ. ಅಷ್ಟು ದಿನ ನಾನು ಮುಚ್ಚಳ ತೆರೆದಿಟ್ಟುಕೊಂಡೇ ಅಳೆದಿದ್ದೆ, ತೆರೆದಿಟ್ಟುಕೊಂಡೇ ಕಟ್ಟಿದ್ದೆ. ಇದು ಲಿಫ್ಟಿನವನು ಮಾತ್ರ ಮಾಡಬಹುದಾದ ತಪ್ಪು. ಲಿಫ್ಟಿನ ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ಮೂವತ್ತೊಂದು ವರ್ಷದಲ್ಲಿ ಒಂದು ಬಾಗಿಲೂ ಒಳಗೆ ಬಂದು ನನ್ನ ಜಾಗ ಕೇಳಿರಲಿಲ್ಲ.

"ಗುರುವೇ," ಎಂದ ಬ್ಯಾಟರಿ, "ಮುಚ್ಚಳ ತೆಗೆದೇ ಓಡಿಸಿ. ಗಾಳಿ ಬರುತ್ತೆ."

ನಾನು ಮನೆಯೊಳಗೆ ಹೋಗಿ, ಸಣ್ಣ ತೊಂದರೆ ಎಂದು ಹೇಳಿದೆ. ಸಣ್ಣದು ಎಂದು ನಾನು ಹೇಳಿದ್ದು ಬಹುಶಃ ಅದೇ ಮೊದಲು. ಹಾಗಾಗಿ ಅವಳಿಗೆ ಅದು ದೊಡ್ಡದೆಂದು ಕೂಡಲೇ ತಿಳಿಯಿತು. ಹರಿದ ರೆಕ್ಸಿನ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಅಳತೆ ತಗೊಳ್ಳೋವಾಗ ಉಸಿರು ಬಿಟ್ಟು ನಿಲ್ಲಿ ಅಂತ ಗಿರಾಕಿಗೆ ಯಾಕೆ ಹೇಳ್ತೀವಿ? ಹೊಟ್ಟೆ ಎಳ್ಕೊಂಡು ನಿಂತ್ರೆ ಆಮೇಲೆ ಗುಂಡಿ ಹತ್ತಲ್ಲ." ಬಿಚ್ಚುವ ಕತ್ತರಿ ತೆಗೆದುಕೊಂಡು ಹೊಲಿಗೆ ಬಿಡಿಸತೊಡಗಿದಳು. "ಹೋಗಲಿ ಬಿಡಿ, ಇನ್ನೂ ದಿನ ಇದೆ."

ಎರಡೂ ಪಕ್ಕಗಳನ್ನು ಕಿತ್ತು, ನಾಲ್ಕು ಬೆರಳಿನಷ್ಟು ಒಳಕ್ಕೆ ಸರಿಸಿ, ಆ ಕಬ್ಬಿಣದ ಕತ್ತುಗಳಿಗೆ ಎರಡು ಗೂಡು ಮಾಡಿದೆ. ಗೂಡಿಗೆ ಬೇರೆ ಬಟ್ಟೆ, ಬೇರೆ ಅಂಚು. ಅವಳು ಮತ್ತೆ ಹೊಲಿದಳು. ಹೊಲಿಯುವಾಗ ಕಾಲಿನ ಕೆಳಗೆ ದಿಂಬು ಇಡಬೇಕು, ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಾನು ಶೆಡ್ಡಿನಿಂದ ಓಡಿಬಂದು ಬದಲಿಸಿ ಓಡಿಹೋಗುತ್ತಿದ್ದೆ. ಹೀಗೆ ಇನ್ನೊಂದು ವಾರ ಹೋಯಿತು.

ಆ ವಾರ ಮುಗಿದ ದಿನ ನಾನು ಒಳಗೆ ಬಂದಾಗ ಅವಳು ಕೇಳಿದಳು, "ಹಿಡಿಸ್ತಾ?"

"ಎರಡು ಬೆರಳು ಕಮ್ಮಿ," ಎಂದೆ.

"ಎರಡೇ ಬೆರಳಾ?"

"ಎರಡೇ. ನಾಳೆ ತೆಗೀತೀನಿ."

ಮರುದಿನವೂ ಎರಡು ಬೆರಳು ಕಮ್ಮಿಯಿತ್ತು. ಅದರ ಮರುದಿನವೂ. ನಾನು ಪ್ರತಿದಿನ ಎರಡು ಗಂಟೆಗೆ ಹೋಗಿ ನಾಲ್ಕು ಗಂಟೆಗೆ ಬಂದು, ಆ ಎರಡು ಬೆರಳಿನೊಂದಿಗೆ ನಾನು ನಡೆಸಿದ ಯುದ್ಧದ ವರದಿ ಒಪ್ಪಿಸುತ್ತಿದ್ದೆ. ಒಂದು ದಿನ ಗರಗಸದ ಹಲ್ಲು ಮುರಿಯಿತು. ಇನ್ನೊಂದು ದಿನ ಸ್ಟೆಪ್ನಿ ಜಾರಿ ನನ್ನ ಮೇಲೆ ಬಿದ್ದಿತು, ಎದೆಯಿಂದ ತಡೆದೆ. ಇನ್ನೊಂದು ದಿನ ಪೆಟ್ರೋಲ್ ಟ್ಯಾಂಕಿನ ಗೂನನ್ನು ಸುತ್ತಿಗೆಯಿಂದ ಬಡಿದು ಒಂದು ಬೆರಳು ಇಳಿಸಿದ್ದೆ, ಆದರೆ ಸಂಜೆಯ ತಂಪಿಗೆ ಅದು ಮತ್ತೆ ಎದ್ದು ಕೂತಿತು. ಅವಳು ಎಲ್ಲ ಕೇಳುತ್ತಿದ್ದಳು. ಮೊದಲ ಕೆಲವು ದಿನ ನಕ್ಕಳು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು.

"ಸುಸ್ತಾಗಿ ಕಾಣ್ತೀರಿ," ಎಂದಳು ಒಂದು ದಿನ. "ಯಾರನ್ನಾದ್ರೂ ಬಡಗಿ ಕರೆಸೋಣ್ವಾ?"

"ನಾನು ಕೈ ಹಾಕಿದ ಕೆಲಸಕ್ಕೆ ಬೇರೆ ಬಡಗೀನಾ? ಊರಲ್ಲಿ ಮುಖ ಹೆಂಗೆ ತೋರಿಸಲಿ?"

ಒಂದನೇ ತಾರೀಕಿಗೆ ನಾಲ್ಕು ದಿನ ಉಳಿಯಿತು. ಅಂದು ಮಧ್ಯಾಹ್ನ ನಾನು ಶೆಡ್ಡಿಗೆ ಹೋದ ಮೇಲೆ ನಡೆದದ್ದನ್ನು ನಾನು ನೋಡಲಿಲ್ಲ, ಬ್ಯಾಟರಿ ಆಮೇಲೆ ಹೇಳಿದ್ದು. ಅವನು ಕೂಡ ನನ್ನ ಶಿಷ್ಯನೇ ಆದ್ದರಿಂದ ಸ್ವಲ್ಪ ಬಣ್ಣ ಸೇರಿರಬಹುದು.

ಅಂಗಡಿ ಮಾಲೀಕ ಮತ್ತೆ ಫೋನ್ ಮಾಡಿದನಂತೆ. ಮೊಬೈಲ್ ಕವರಿನವನು ಸಂಜೆ ಬಂದು ಕೋಣೆ ಅಳೆದುಕೊಂಡು ಹೋಗುತ್ತಾನಂತೆ, ಬೇಡ ಎನ್ನಲೋ ಬಾ ಎನ್ನಲೋ, ಐದು ಗಂಟೆಯೊಳಗೆ ಹೇಳಬೇಕು ಎಂದನಂತೆ. ಅವಳು ನನಗೆ ಫೋನ್ ಮಾಡಿದಳು. ನಾನು ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಆಗ ಬ್ಯಾಟರಿಯನ್ನು ಕರೆಸಿದಳು.

"ತಮ್ಮಾ, ನನ್ನನ್ನ ಶೆಡ್ಡಿಗೆ ಕರ್ಕೊಂಡು ಹೋಗು."

"ಮೆಟ್ಟಿಲಿದೆಯಲ್ಲಕ್ಕ."

"ಬ್ಯಾಟರಿ ಇಳಿಸೋಕೆ ಹಲಗೆ ಇಟ್ಕೊಂಡಿದೀಯಲ್ಲ, ಅದನ್ನ ತಗೊಂಡ್ಬಾ. ನಾನೇನು ನಿನ್ನ ಲಾರಿ ಬ್ಯಾಟರಿಗಿಂತ ಭಾರ ಇಲ್ಲ."

"ಗುರುಗಳು ಬೈತಾರೆ."

"ಬೈಯಲಿ. ಇಪ್ಪತ್ತೆಂಟು ವರ್ಷ ಬಂದವರಿಗೆಲ್ಲ ಎರಡೆರಡು ಬೆರಳು ಬಿಡಿಸಿಕೊಟ್ಟಿದೀನಿ. ಹೊಟ್ಟೆ ಬಂದವರಿಗೆ, ಎತ್ತರ ಬೆಳೆದವರಿಗೆ. ಬಟ್ಟೆ ಇಲ್ಲದ ಕಡೆ ಬಟ್ಟೆ ಹುಡುಕಿದೀನಿ. ಅವರು ಪಾಪ ಒಬ್ಬರೇ ಒದ್ದಾಡ್ತಾ ಇದ್ದಾರೆ. ನಾನೇ ನೋಡಿ ಎಲ್ಲಿಂದಾದ್ರೂ ಬಿಡಿಸ್ತೀನಿ."

ಹೀಗೆ, ನನಗೆ ಸಹಾಯ ಮಾಡಲು ಎಂದು, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ಅವಳು ಹೊರಟಳು. ಹಲಗೆಯ ಮೇಲೆ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸುವಾಗ ಅವಳು ಎರಡೂ ಕಣ್ಣು ಮುಚ್ಚಿಕೊಂಡಿದ್ದಳಂತೆ. ಎಂಟು ತಿಂಗಳ ಮೇಲೆ ಆ ಮೂರು ಮೆಟ್ಟಿಲು ದಾಟಿದಳು.

ಶೆಡ್ಡಿನಲ್ಲಿ ಗರಗಸದ ಸದ್ದಿಲ್ಲ, ಸುತ್ತಿಗೆಯ ಸದ್ದಿಲ್ಲ. ಉಪಕರಣಗಳೆಲ್ಲ ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದವು. ಆಮೆಯ ಹಿಂದೆ ನನ್ನ ಎರಡು ಚಪ್ಪಲಿ ಜೋಡಿಸಿಟ್ಟಿದ್ದವು. ಡಿಕ್ಕಿಯ ಮುಚ್ಚಳ ಗಾಳಿಗೆಂದು ಒಂದು ಗೇಣು ತೆರೆದಿತ್ತು, ನಡುವೆ ಒಂದು ಮರದ ತುಂಡು ಇಟ್ಟಿತ್ತು.

ನನಗೆ ಗೊತ್ತಾದದ್ದು ಬೆಳಕು ಬಿದ್ದಾಗ. ಕಣ್ಣು ಬಿಟ್ಟರೆ ಮೇಲೆ ಬ್ಯಾಟರಿಯ ಮುಖ, ಅದರ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ನನ್ನ ಹೆಂಡತಿಯ ಮುಖ. ನಾನು ಬೂದು ಕಾರ್ಪೆಟ್ಟಿನ ಮೇಲೆ ಮೊಣಕಾಲು ಹೊಟ್ಟೆಗೆ ಹಚ್ಚಿ, ತಲೆಯ ಕೆಳಗೆ ದಿಂಬು ಇಟ್ಟುಕೊಂಡು, ಗರ್ಭದಲ್ಲಿರುವಂತೆ ಮಲಗಿದ್ದೆ.

"ಗುರುವೇ," ಎಂದ ಬ್ಯಾಟರಿ, "ಆ ಎರಡು ಬೆರಳು ಕನಸಲ್ಲಿ ಸಿಕ್ತಾ?"

"ಒಳಗೆ ಸದ್ದು ಬರುತ್ತಾ ಅಂತ ಪರೀಕ್ಷೆ ಮಾಡ್ತಾ ಇದ್ದೆ," ಎಂದೆ.

"ಬರ್ತಾ ಇತ್ತು. ಓಣಿಗೇ ಕೇಳಿಸ್ತಾ ಇತ್ತು."

ಅವಳು ನಗಲಿಲ್ಲ. "ತಮ್ಮಾ, ನೀನು ಸ್ವಲ್ಪ ಹೊರಗಿರಪ್ಪ," ಎಂದಳು. ಅವನು ಹೋದ. ಬಾಗಿಲನ್ನು ಕೂಡ ಮೆಲ್ಲಗೆ ಎಳೆದುಕೊಂಡು ಹೋದ, ಅದೊಂದು ಒಳ್ಳೆಯ ಗುಣ ಅವನಲ್ಲಿದೆ.

"ಇಳೀರಿ."

ಇಳಿದೆ. ಒಂದು ಕಾಲು ಜೋಮು ಹಿಡಿದಿದ್ದರಿಂದ ಅವಳ ಕುರ್ಚಿಯ ಕೈ ಹಿಡಿದುಕೊಂಡೇ ಇಳಿಯಬೇಕಾಯಿತು. ಅವಳು ಕೊರಳಿನಿಂದ ಟೇಪು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಆ ಮೂಲೇಲಿ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಮುಚ್ಚಳದ ಕಬ್ಬಿಣದ ಕತ್ತು ಎಲ್ಲಿಗೆ ಇಳಿಯುತ್ತದೆ ಎಂದು ಕೇಳಿ, ಒಂದು ಕತ್ತಿನಿಂದ ಇನ್ನೊಂದು ಕತ್ತಿನವರೆಗೆ ಅಳೆದಳು. ಬಗ್ಗುವಾಗ ಅವಳು ಹಲ್ಲು ಕಚ್ಚಿಕೊಂಡದ್ದು ಕಾಣಿಸಿತು. "ನಲವತ್ತೊಂದೂವರೆ." ಆಮೇಲೆ ತಾನು ಕುಳಿತ ಕುರ್ಚಿಯನ್ನು, ಹಿಂದಿನ ಚಕ್ರದಿಂದ ಮುಂದಿನವರೆಗೆ. ಆ ತುದಿಯನ್ನೂ ನಾನೇ ಹಿಡಿಯಬೇಕಾಯಿತು. "ನಲವತ್ತು."

ನಾನು ಟೇಪಿನ ತುದಿ ಬಿಟ್ಟೆ.

"ಕಮ್ಮಿ ಅಲ್ಲ," ಎಂದಳು. "ಒಂದೂವರೆ ಇಂಚು, ಎರಡು ಬೆರಳು, ಹೆಚ್ಚಿದೆ."

"ಮರ ಅಲ್ವಾ. ಬಿಸಿಲಿಗೆ ಹಿಗ್ಗಿರಬೇಕು."

ಅವಳು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು. ಸುತ್ತಿ ಮುಗಿಯಿತು, ಬಿಚ್ಚಿ ಮತ್ತೆ ಸುತ್ತಿದಳು. ಅಂಗಡಿಯಲ್ಲಿ, ಸುಳ್ಳು ಹೇಳುವ ಗಿರಾಕಿಯೆದುರು ಅವಳು ಹೀಗೆಯೇ ಕೂರುವುದು. ಹೋದ ತಿಂಗಳಷ್ಟೇ ಹೊಲಿಸಿದ ಬಟ್ಟೆ ಎಂದು ಹೋದ ವರ್ಷದ್ದನ್ನು ತಂದವರು ಎರಡು ನಿಮಿಷ ನಿಂತು, ತಾವೇ ನಿಜ ಹೇಳಿ ಹೋಗುತ್ತಿದ್ದರು.

"ಮುಗಿದು ಹತ್ತೊಂಬತ್ತು ದಿನ ಆಯ್ತು," ಎಂದೆ.

"ಅಂದ್ರೆ ನಾನು ಎರಡನೇ ಸಲ ಹೊಲಿದುಕೊಟ್ಟ ದಿನಾನೇ."

"ಅದರ ಮಾರನೇ ದಿನ. ಅಂಟು ಒಣಗಬೇಕಿತ್ತು."

"ಅವತ್ತಿಂದ ದಿನಾ ಇಲ್ಲಿ ಮಲಗ್ತಾ ಇದೀರಾ."

"ಹೂಂ."

"ಒಳಗೆ ಮಂಚ ಇದೆಯಲ್ರೀ."

"ಮಂಚದಲ್ಲಿ ಮಲಗಿದ್ರೆ ನೀನು ಮಗ್ಗುಲು ಬದಲಿಸೋದು ಕೇಳುತ್ತೆ. ನೀನು ಕರೀದೇ ಇದ್ರೂ ಎದ್ದು ಕೂತಿರ್ತೀನಿ. ಇಲ್ಲಿ ಏನೂ ಕೇಳಲ್ಲ." ಇಷ್ಟು ಹೇಳುವಾಗ ನನ್ನ ದನಿ ನನಗೇ ಪರಿಚಯವಿಲ್ಲದವರ ದನಿಯಂತೆ ಕೇಳಿಸಿತು. ಬಹಳ ಚಿಕ್ಕದಾಗಿತ್ತು. "ಡಿಕ್ಕಿ ಮುಗೀತು ಅಂದ್ರೆ ಈ ಎರಡು ಗಂಟೆ ಹೋಗುತ್ತೆ. ಆಮೇಲೆ ಅಂಗಡಿ. ದಿನಾ ನಿನ್ನನ್ನ ಇಳಿಸೋದು, ಹತ್ತಿಸೋದು, ಕುರ್ಚಿ ತೆಗೆಯೋದು, ಇಡೋದು. ನನ್ನ ಕೈಲಿ ಆಗುತ್ತೋ ಇಲ್ವೋ ಅಂತ..."

"ಅಂಗಡಿ ಹೋಗುತ್ತೆ ಅಂತ ಗೊತ್ತಿತ್ತು."

"ಗೊತ್ತಿತ್ತು. ನಾಳೆ ಹೇಳ್ತೀನಿ ಅಂತ ದಿನಾ ಅಂದ್ಕೊಳ್ತಿದ್ದೆ. ಮಲಗಿದ ಮೇಲೆ ಮರೆತುಹೋಗ್ತಿತ್ತು."

ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಎಂದಿತು. ಅವಳು ಕೈ ಚಾಚಿ ಡಿಕ್ಕಿಯ ಅಂಚಿನ ಪೈಪಿಂಗನ್ನು ಉಗುರಿನಿಂದ ಒತ್ತಿ ನೋಡಿದಳು. ಅದನ್ನು ಜೋಡಿಸಿ ಕೂರಿಸಿದ ಮೇಲೆ ಅವಳು ನೋಡಿರಲಿಲ್ಲ. ತನ್ನ ಹೊಲಿಗೆಯ ಮೇಲೆ ಆ ಮೂಲೆಯಿಂದ ಈ ಮೂಲೆಯವರೆಗೆ ಬೆರಳಾಡಿಸುತ್ತ ಬಂದಳು. ಭುಜದ ಉಬ್ಬಿನ ಮೇಲೆ ಒಂದು ಸುಕ್ಕೂ ಇರಲಿಲ್ಲ.

"ನನ್ನಿಂದ ಅಷ್ಟೊಂದು ಸುಸ್ತಾ?" ಎಂದಳು.

ನಾನು ಅಲ್ಲ ಎನ್ನಲು ಬಾಯಿ ತೆರೆದೆ. ಸುಳ್ಳು ಅಲ್ಲಿಯೇ, ನಾಲಿಗೆಯ ತುದಿಯಲ್ಲಿ, ಎಲ್ಲ ದಿನಗಳಂತೆ ತಯಾರಾಗಿ ಕುಳಿತಿತ್ತು. ಅದನ್ನು ಆಚೆ ತಳ್ಳುವುದಕ್ಕೂ ಸುಸ್ತಾಯಿತು.

"ಹೌದು," ಎಂದೆ.

ಅವಳು ತಲೆಯಾಡಿಸಿದಳು. "ನನಗೂ ನನ್ನಿಂದ ಸುಸ್ತಾಗಿದೆ ಕಣ್ರೀ. ನಿಮಗಾದ್ರೆ ಓಡಿಹೋಗೋಕೆ ಡಿಕ್ಕಿ ಇತ್ತು."

ನಾನು ಅವಳ ಪಕ್ಕದಲ್ಲಿ, ಆಮೆಯ ಬೆನ್ನಿನ ಎದುರಿಗೆ ಕುಳಿತೆ. ಅವಳು ಕುರ್ಚಿಯಲ್ಲಿ, ನಾನು ಬಣ್ಣದ ಡಬ್ಬದ ಮೇಲೆ.

"ಒಂದು ಕೇಳ್ತೀನಿ," ಎಂದಳು. "ಬೆಳಿಗ್ಗೆ ಹತ್ತಕ್ಕೆ ನನ್ನನ್ನ ಅಂಗಡೀಲಿ ಇಳಿಸಿ, ಸಂಜೆ ಆರಕ್ಕೆ ಬಂದು ಕರ್ಕೊಂಡು ಹೋದ್ರೆ, ಮಧ್ಯೆ ಎಷ್ಟು ಗಂಟೆ ಆಗುತ್ತೆ?"

"ಎಂಟು."

"ಆ ಎಂಟು ಗಂಟೆ ಈ ಮನೇಲಿ ಯಾರಿರ್ತಾರೆ?"

ನಾನು ಬೆರಳು ಮಡಿಚಿ ಎಣಿಸಿದೆ. ಎಷ್ಟು ಸಲ ಎಣಿಸಿದರೂ ನಾನೊಬ್ಬನೇ.

"ಅಂಗಡೀಲಿ ಎರಡು ಹೊತ್ತು ನೋಡ್ಕೊಳ್ಳೋಕೆ ಪಕ್ಕದ ಇಸ್ತ್ರಿ ಅಂಗಡಿಯಾಕೆ, ಮಾಲೀಕ ಮೊದಲು ಫೋನ್ ಮಾಡಿದ ದಿನಾನೇ ಒಪ್ಪಿದ್ಲು. ಕುರ್ಚಿ ಹತ್ತಿಸೋದು ಇಳಿಸೋದು ಅಂದ್ರೆ, ಬೆಳಿಗ್ಗೆ ಬ್ಯಾಟರಿ ಹೆಂಗೂ ಅದೇ ಹೊತ್ತಿಗೆ ಅಂಗಡಿ ತೆಗೀತಾನೆ. ಕೇಳಿದ್ರೆ ಬೇಡ ಅಂತಾನಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಎಂಟು ಗಂಟೆ ಕೊಡೋಕೆ ನಾನು ಕೂತಿದ್ದೆ. ನೀವು ಎರಡು ಗಂಟೆ ಕದ್ದುಕೊಂಡ್ರಿ."

ಹೊರಗಿನಿಂದ ಬ್ಯಾಟರಿ ಕೂಗಿದ, "ಅಕ್ಕಾ, ನಾಲ್ಕು ಗಂಟೆ ಆಯ್ತು, ಫೋನ್ ಮಾಡಿ."

ಅವಳು ಮಡಿಲಿನಿಂದ ಫೋನು ತೆಗೆದು ಅಂಗಡಿ ಮಾಲೀಕನಿಗೆ ಹಚ್ಚಿದಳು. "ಅವನಿಗೆ ಬರಬೇಡ ಅನ್ನಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಶಟರ್ ತೆಗೀತೀನಿ. ಹೂಂ, ನಾನೇ. ಇಲ್ಲ, ಕಾರಲ್ಲೇ ಬರ್ತೀನಿ. ಅವರು ಡಿಕ್ಕಿ ಕಟ್ಟಿದಾರೆ." ಆ ಕಡೆಯಿಂದ ಅವನೇನೋ ಕೇಳಿದ. "ಚೆನ್ನಾಗೇ ಇದೆ," ಎಂದಳು ಅವಳು. "ನಿದ್ದೆ ಬರೋಷ್ಟು."

ಬ್ಯಾಟರಿ ಅವಳನ್ನು ಹಲಗೆಯ ಮೇಲೆ ಹತ್ತಿಸಿಕೊಂಡು ಹೋದ ಮೇಲೆ ನಾನು ಶೆಡ್ಡಿನಲ್ಲಿ ಒಬ್ಬನೇ ಉಳಿದೆ. ಅವಳಿಗೆ ಹೇಳದೆ ಉಳಿದದ್ದು ಇನ್ನೂ ಒಂದಿತ್ತು. ಮಾರನೆಯ ದಿನ ಅಂಗಡಿಯ ದಾರಿಯಲ್ಲಿ, ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಅದನ್ನೂ ಹೇಳಿಬಿಟ್ಟೆ. ಈಗ ನಿಮಗೂ ಹೇಳುತ್ತೇನೆ.

ಅಂಟು ಒಣಗಿದ ಆ ದಿನ, ಅವಳು ಮಲಗಿದ್ದಾಗ, ಕುರ್ಚಿಯನ್ನು ಸದ್ದಿಲ್ಲದೆ ತಂದು ಮಣೆಯ ಮೇಲಿಟ್ಟು ಒಳಗೆ ತಳ್ಳಿದೆ. ಮುಚ್ಚಳ ಇಳಿಸಿದೆ. ಎಲ್ಲಿಯೂ ತಾಗದೆ ಕ್ಲಿಕ್ ಎಂದು ಮುಚ್ಚಿಕೊಂಡಿತು. ಸಂತೋಷದಿಂದ ಮನೆಯ ಕಡೆ ಓಡಿದೆ. ಅವಳನ್ನು ಎಬ್ಬಿಸಿ ಹೇಳಬೇಕೆಂದು ಮೂರನೆಯ ಮೆಟ್ಟಿಲವರೆಗೂ ಹೋಗಿದ್ದೆ. ಅಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ತಿರುಗಿ ಬಂದು, ಮುಚ್ಚಳ ಎತ್ತಿ, ಕುರ್ಚಿಯನ್ನು ಹೊರಗಿಟ್ಟು, ಅದಿದ್ದ ಜಾಗದಲ್ಲಿ ನಾನು ಮಲಗಿದೆ.